ಹೂವಕ್ಕ ಮುಚ್ಚಿದ ಕಲೆಗಳು

ಹಚ್ಚೆ ಅಂಗಡಿ ಸೇರುವ ಮೊದಲು ಹೂವಕ್ಕ ಪಿಂಗಾಣಿ ಕಾರ್ಖಾನೆಯಲ್ಲಿ ಕಪ್ಪುಗಳ ಮೇಲೆ ಹೂ ಬರೆಯುತ್ತಿದ್ದಳು. ಉದ್ದನೆಯ ಹಜಾರ, ಕಿಟಕಿಯ ಪಕ್ಕಕ್ಕೆ ಸಾಲು ಮೇಜು, ಎಡಗೈಯಲ್ಲಿ ತಿರುಗುವ ಕಪ್ಪು, ಬಲಗೈಯಲ್ಲಿ ರೆಪ್ಪೆಯಷ್ಟು ತೆಳ್ಳಗಿನ ಕುಂಚ. ಬೇರೆಯವರು ಎಲೆ, ಬಳ್ಳಿ, ಅಂಚಿನ ಗೆರೆ ಎಂದು ಕೆಲಸ ಬದಲಿಸುತ್ತಿದ್ದರೂ ಅವಳಿಗೆ ಮಾತ್ರ ಹೂವೇ ಮೀಸಲು. ಆ ಹೆಸರು ಅಂಟಿಕೊಂಡಿದ್ದು ಅಲ್ಲೇ. ಅಪ್ಪ ಅಮ್ಮ ಒಬ್ಬರ ಹಿಂದೊಬ್ಬರು ತೀರಿಕೊಂಡ ಮೇಲೆ ಪುಟ್ಟ ತಂಗಿಯನ್ನು ಸಾಕಿ, ಓದಿಸಿ, ದಡ ಹತ್ತಿಸಿದ್ದು ಆ ಕುಂಚದಿಂದಲೇ. ತಾನು ಮದುವೆಯಾಗುವ ಮಾತನ್ನು ಅವಳು ಎತ್ತಲೇ ಇಲ್ಲ. ಕೇಳಿದವರಿಗೆ, ನನ್ನ ಸೊಂಟದ ಮೇಲೆ ಆಗಲೇ ಒಂದು ಮಗು ಇದೆಯಲ್ಲ ಎಂದು ನಗುತ್ತಿದ್ದಳು.

ಕಾರ್ಖಾನೆಗೆ ಹೂವಿನ ಸ್ಟಿಕ್ಕರು ಅಂಟಿಸುವ ಯಂತ್ರ ಬಂತು. ಬರೆಯುವವರನ್ನೆಲ್ಲ ಮನೆಗೆ ಕಳಿಸಿದರು.

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಮೊಬೈಲ್ ರಿಪೇರಿಯವನಿಗೂ ಬೀಗದ ಕೈ ಮಾಡುವವನಿಗೂ ನಡುವೆ, ಒಂದು ಇಕ್ಕಟ್ಟಾದ ಹಚ್ಚೆ ಅಂಗಡಿ ಇತ್ತು. ಅದರ ಯಜಮಾನ ಧಡೂತಿ ಆಸಾಮಿ. ತಲೆಬುರುಡೆ, ಹುಲಿ, ಹೆಬ್ಬಾವು ಎಲ್ಲವನ್ನೂ ಬರೆಯುತ್ತಿದ್ದ, ಹೂವೆಂದರೆ ಮಾತ್ರ ಅವನ ಕೈಯಲ್ಲಿ ಕೋಸುಗಡ್ಡೆ ಆಗಿಬಿಡುತ್ತಿತ್ತು. ಕೆಲಸ ಕೇಳಿಕೊಂಡು ಬಂದ ಹೂವಕ್ಕನ ಮುಂದೆ ಅವನು ಒಂದು ರಬ್ಬರ್ ಹಾಳೆ, ಒಂದು ಸೂಜಿ ಯಂತ್ರ ಇಟ್ಟ. ಅವಳು ಗುಲಾಬಿ ಬರೆದು ಮುಗಿಸಿದಾಗ ಬಹಳ ಹೊತ್ತು ನೋಡಿ, "ಪಿಂಗಾಣಿ ಕಪ್ಪು ಅಳಲ್ಲ, ಚರ್ಮ ಅಳುತ್ತೆ. ಅಷ್ಟೇ ವ್ಯತ್ಯಾಸ. ನಾಳೆಯಿಂದ ಬಾ" ಅಂದ.

ಗೋಡೆಯ ಮೇಲೆ ಅವನು ಎಲ್ಲಿಂದಲೋ ತಂದು ಅಂಟಿಸಿದ ದೊಡ್ಡ ಚಿತ್ರಪಟವಿತ್ತು. ಒಂದೊಂದು ಹೂವಿನ ಕೆಳಗೆ ಅದರ ಅರ್ಥ. ತಾವರೆ, ಕೆಸರಿನಿಂದ ಎದ್ದು ಬಂದವರಿಗೆ. ಕೆಂಪು ಗುಲಾಬಿ ಪ್ರೀತಿಗೆ, ಮುಳ್ಳು ಸೇರಿಸಿದರೆ ಪ್ರೀತಿಯಲ್ಲಿ ಪೆಟ್ಟು ತಿಂದವರಿಗೆ. ಗಸಗಸೆ ಹೂ ನಿದ್ದೆಗೆ, ಸತ್ತವರ ನೆನಪಿಗೆ. ಚೆರ್ರಿ ಹೂ, ಬಾಳು ಅರಳಿದಷ್ಟೇ ಬೇಗ ಉದುರುತ್ತದೆ ಎಂಬುದಕ್ಕೆ. ಸೂರ್ಯಕಾಂತಿ ನಿಷ್ಠೆಗೆ. ಸೇವಂತಿಗೆಗೆ ಮಾತ್ರ ಎರಡು ಅರ್ಥ ಬರೆದಿತ್ತು. ಕೆಲವು ನಾಡುಗಳಲ್ಲಿ ದೀರ್ಘಾಯುಷ್ಯ, ಕೆಲವು ನಾಡುಗಳಲ್ಲಿ ಗೋರಿ. ಗಿರಾಕಿಗಳು ಊಟದ ಪಟ್ಟಿ ಓದುವ ಹಾಗೆ ಅದನ್ನು ಓದಿ ಆರಿಸುತ್ತಿದ್ದರು. ಒಬ್ಬ ಲಾರಿ ಡ್ರೈವರ್ ಬಂದು, ತಪ್ಪಾಯ್ತು ಅಂತ ಬಾಯಿಬಿಟ್ಟು ಹೇಳದೆ ಹೆಂಡತಿಗೆ ಅರ್ಥವಾಗುವಂಥ ಹೂ ಯಾವುದಿದೆ ಎಂದು ಕೇಳಿದ್ದ. ಅಂಥ ಹೂವನ್ನು ಕೈ ಮೇಲೆ ಬರೆಯೋದಿಲ್ಲಪ್ಪ, ಅಂಗಡಿಯಲ್ಲಿ ಕೊಂಡು ಮನೆಗೆ ತಗೊಂಡು ಹೋಗ್ತಾರೆ ಎಂದು ಹೂವಕ್ಕ ಅವನನ್ನು ವಾಪಸ್ ಕಳಿಸಿದ್ದಳು. ಯಜಮಾನ ಇಡೀ ದಿನ ಮುಖ ಊದಿಸಿಕೊಂಡಿದ್ದ.

ಅವಳ ಹೆಸರು ಓಡಿದ್ದು ಬೇರೆ ಕೆಲಸಕ್ಕೆ. ಸುಟ್ಟ ಕಲೆ, ಹೊಲಿಗೆಯ ಕಲೆ, ಆಪರೇಷನ್ನಿನ ಕಲೆ, ಇವುಗಳನ್ನು ಹೂವಿನೊಳಗೆ ಅಡಗಿಸುವುದರಲ್ಲಿ ಅವಳದು ಎತ್ತಿದ ಕೈ. ಕಲೆ ಮಾಗಿ ಬೆಳ್ಳಗಾಗುವ ತನಕ, ಅಂದರೆ ಹೆಚ್ಚುಕಡಿಮೆ ಒಂದು ವರ್ಷ, ಯಾರು ಗೋಗರೆದರೂ ಸೂಜಿ ಮುಟ್ಟಿಸುತ್ತಿರಲಿಲ್ಲ. ಮಾಗದ ಕಲೆಯಲ್ಲಿ ಬಣ್ಣ ನಿಲ್ಲುವುದಿಲ್ಲ. ಮಾಗಿದ ಮೇಲೆ ಬೆರಳಿನಿಂದ ಸವರಿ, ಉಬ್ಬು ಎಲ್ಲಿ, ತಗ್ಗು ಎಲ್ಲಿ ನೋಡಿ, ಉಬ್ಬಿನ ಮೇಲೆ ದಳದ ಅಂಚು ಬರುವಂತೆ ಬರೆಯುತ್ತಿದ್ದಳು. ಯಜಮಾನ ಗಾಜಿನ ಬಾಗಿಲ ಮೇಲೆ "ಕಲೆಯ ಮೇಲೆ ಕಲೆ" ಎಂದು ಬರೆಸಿ, ಹೋಗಿ ಬರುವವರಿಗೆಲ್ಲ ತೋರಿಸಿ ನಗುತ್ತಿದ್ದ. ಎದೆಯ ಆಪರೇಷನ್ ಆದ ಹೆಂಗಸೊಬ್ಬಳು ಕನ್ನಡಿಯಲ್ಲಿ ನೋಡಿಕೊಂಡು ಅಳುತ್ತ ಅವಳ ಕೈ ಹಿಡಿದ ದಿನ ಹೂವಕ್ಕನ ಕಾಲು ನೆಲದ ಮೇಲಿರಲಿಲ್ಲ.

ತಂಗಿ ಕನ್ನಡಕದ ಅಂಗಡಿಯ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಆ ಕಟ್ಟಡದ ಲಿಫ್ಟ್ ರಿಪೇರಿಗೆ ಬರುತ್ತಿದ್ದ ಮೆಕ್ಯಾನಿಕ್ ಅವಳನ್ನು ಮೆಚ್ಚಿ ಮದುವೆಯಾದ. ಮಾತಿನಲ್ಲಿ ಬೆಣ್ಣೆ. ಲಿಫ್ಟ್ ಕೆಟ್ಟಿದ್ದರೆ ಮುದುಕಿಯರ ಚೀಲವನ್ನು ತಾನೇ ಹೊತ್ತು ಮಹಡಿ ಹತ್ತಿಸುತ್ತಿದ್ದ. ಹೂವಕ್ಕನನ್ನು ಅತ್ತಿಗೆ, ಅತ್ತಿಗೆ ಎಂದು ಬಾಯಿ ತುಂಬ ಕರೆಯುತ್ತಿದ್ದ.

ಮದುವೆಯಾಗಿ ಎರಡನೇ ವರ್ಷ ಅವನೇ ಹೆಂಡತಿಯನ್ನು ಅಂಗಡಿಗೆ ಕರೆತಂದ. ಅವಳ ಮುಂಗೈ ಒಳಭಾಗದಲ್ಲಿ ದುಂಡನೆಯ ಒಂದು ಸುಟ್ಟ ಕಲೆ. ಎಣ್ಣೆ ಸಿಡಿದಿದ್ದು ಎಂದು ತಂಗಿ ಹೇಳುವ ಮೊದಲೇ ಅವನು ಹೇಳಿದ. ಚಿತ್ರಪಟದ ಮುಂದೆ ನಿಂತು ಹೂವನ್ನೂ ಅವನೇ ಆರಿಸಿದ. ಸೂರ್ಯಕಾಂತಿ. ಅರ್ಥ ತುಂಬ ಹಿಡಿಸಿತು ಅಂದ. ಹೂವಕ್ಕ ಆ ದುಂಡು ಕಲೆಯನ್ನೇ ಹೂವಿನ ನಡುವಿನ ಕಂದು ಬಟ್ಟಲಾಗಿ ಮಾಡಿ ಸುತ್ತ ಹಳದಿ ದಳ ಎಳೆದಳು. ಮಾರನೇ ದಿನದಿಂದ ತಂಗಿ ಗಿಡ್ಡ ತೋಳಿನ ರವಿಕೆ ತೊಟ್ಟು ಕೌಂಟರಿನಲ್ಲಿ ನಿಂತಳು. ಅಕ್ಕನಿಗೆ ಅಷ್ಟೇ ಸಾಕಾಗಿತ್ತು.

ಮುಂದಿನ ಸಲ ತಂಗಿ ಒಬ್ಬಳೇ ಬಂದಳು. ಇಸ್ತ್ರಿಪೆಟ್ಟಿಗೆ ಕೈ ಜಾರಿ ತೋಳಿನ ಮೇಲೆ ಬಿತ್ತು ಅಂದಳು. ಕೈ ಜಾರಿ ಬಿದ್ದ ಇಸ್ತ್ರಿ ಚರ್ಮವನ್ನು ಎಳೆದುಕೊಂಡು ಹೋಗುತ್ತದೆ. ಇಲ್ಲಿ ಇಸ್ತ್ರಿಯ ಚೂಪು ಮೂತಿಯ ಆಕಾರ ಅಚ್ಚು ಒತ್ತಿದ ಹಾಗೆ ಸ್ಪಷ್ಟವಾಗಿತ್ತು. ಹೂವಕ್ಕನ ಬೆರಳು ಅದರ ಅಂಚಿನಲ್ಲೇ ನಿಂತುಬಿಟ್ಟಿತು.

"ಇದು ಬಿದ್ದಿದ್ದಲ್ಲ," ಅಂದಳು.

ತಂಗಿ ಮರೆಗೆ ಎಳೆದಿದ್ದ ಪರದೆಯ ಕಡೆ ನೋಡಿದಳು. "ಗಿರಾಕಿಗಳು ಕನ್ನಡಕ ನೋಡೋದು ಬಿಟ್ಟು ನನ್ನ ಕೈ ನೋಡ್ತಾರೆ. ಮುಚ್ಚಿಬಿಡಕ್ಕ."

ನನ್ನ ಮನೆಗೆ ಬಂದುಬಿಡು ಎಂದು ಅಕ್ಕ ಹೇಳಿದಳು. ಪೊಲೀಸರ ಮಾತೆತ್ತಿದಳು. ತಂಗಿ ಎದ್ದು ಚಪ್ಪಲಿ ಹುಡುಕತೊಡಗಿದಳು; ಇನ್ನೊಂದು ಮಾತಾಡಿದರೆ ಈ ಕಡೆ ತಲೆ ಹಾಕುವುದೇ ಇಲ್ಲ ಎಂದಳು. ಹೂವಕ್ಕ ಅವಳನ್ನು ಕೂರಿಸಿ ಬಿಳಿ ಲಿಲ್ಲಿ ಬರೆದಳು. ಮೂತಿಯ ಆಕಾರ ಲಿಲ್ಲಿಯ ದಳಕ್ಕೆ ಹೇಳಿ ಮಾಡಿಸಿದಂತಿತ್ತು. ಕಣ್ಣಿಗೆ ಹತ್ತಿರ ಹಿಡಿದು ನೋಡಿದರೂ ಅಡಿಯಲ್ಲಿ ಏನಿದೆಯೆಂದು ಯಾರಿಗೂ ತಿಳಿಯುವ ಹಾಗಿರಲಿಲ್ಲ. ಅವಳ ಕೈ ಒಂದು ಗೆರೆಯನ್ನೂ ತಪ್ಪಲಿಲ್ಲ.

ಆಮೇಲೆ ಕುತ್ತಿಗೆಯ ಬುಡದಲ್ಲಿ ಗಾಜು ಕೊಯ್ದ ಗಾಯ. ಅದರ ಮೇಲೆ ಚೆರ್ರಿ ಹೂವಿನ ಒಂದು ಕೊಂಬೆ. ಅಷ್ಟರಲ್ಲಿ ಸುಳ್ಳು ಹೇಳುವುದನ್ನು ತಂಗಿ ಬಿಟ್ಟಿದ್ದಳು, ಕೇಳುವುದನ್ನು ಅಕ್ಕ ಬಿಟ್ಟಿದ್ದಳು. ಕಲೆ ಮಾಗುವ ತನಕ ಉದ್ದ ತೋಳು, ಮಾಗಿದ ಮೇಲೆ ಹೂ. ಅವನು ಹೆಂಡತಿಯ ಹೆಗಲ ಮೇಲೆ ಕೈಯಿಟ್ಟು, ಹೂಗಳು ಕಾಣುವಂತೆ ಫೋಟೊ ತೆಗೆಸಿಕೊಂಡು ಎಲ್ಲರಿಗೂ ಕಳಿಸುತ್ತಿದ್ದ.

ಒಂದು ಮಧ್ಯಾಹ್ನ ಅವನು ಅವಳನ್ನು ಮಹಡಿಯ ಮೆಟ್ಟಿಲಿನಿಂದ ತಳ್ಳಿದ. ಕೆಳಗಿನ ಮನೆಯವರು ಆಸ್ಪತ್ರೆಗೆ ಸಾಗಿಸಿದರು. ಬಲ ಮಣಿಕಟ್ಟು ನುಚ್ಚುನೂರಾಗಿತ್ತು, ಸೊಂಟದ ಮೂಳೆ ಬಿರುಕು ಬಿಟ್ಟಿತ್ತು. ಹೂವಕ್ಕ ಓಡಿಹೋದಾಗ ತಂಗಿ ಹಾಸಿಗೆಯಲ್ಲಿ ಚಾವಣಿ ನೋಡುತ್ತ ಮಲಗಿದ್ದಳು. ಪೊಲೀಸರನ್ನು ಕರೆಸು ಎಂದು ಅವಳೇ ಹೇಳಿದಳು.

ಕೇಸು ನಡೆಯಿತು. ಮೆಟ್ಟಿಲು ಒದ್ದೆಯಾಗಿತ್ತು, ಜಾರಿ ಬಿದ್ದಳು ಎಂದ ಅವನು. ತಳ್ಳಿದ ಎಂದು ತಂಗಿ ಹೇಳಿದಳು, ಕಂಡವರು ಯಾರೂ ಇರಲಿಲ್ಲ. ಹಾಗಾಗಿ ಇದು ಮೊದಲನೆಯದಲ್ಲ, ವರ್ಷಗಳಿಂದ ನಡೆದುಬಂದದ್ದು ಎಂದು ತೋರಿಸಬೇಕಿತ್ತು. ಪರೀಕ್ಷಿಸಿದ ಡಾಕ್ಟರು ಹೂಗಳ ಕೆಳಗೆ ಹಳೆಯ ಕಲೆಗಳಿರುವುದು ಬೆರಳಿಗೆ ತಿಳಿಯುತ್ತದೆ, ಆದರೆ ಬಣ್ಣದಿಂದಾಗಿ ಅವು ಹೇಗೆ ಆದವು ಎಂದು ಹೇಳಲು ತಮ್ಮಿಂದಾಗದು ಎಂದರು. ಗಂಡನ ಕಡೆಯ ವಕೀಲ ಹೆಗಲ ಮೇಲೆ ಕೈಯಿಟ್ಟು ತೆಗೆಸಿಕೊಂಡ ಆ ಫೋಟೊಗಳನ್ನು ನ್ಯಾಯಾಧೀಶರ ಮೇಜಿನ ಮೇಲೆ ಹರಡಿದ.

ಹೂವಕ್ಕ ಸಾಕ್ಷಿ ಕಟಕಟೆ ಹತ್ತಿದಳು. ಯಾವ ಹೂವಿನ ಅಡಿಯಲ್ಲಿ ಏನಿತ್ತು, ಎಷ್ಟು ಅಗಲ, ಯಾವ ಆಕಾರ, ಒಂದನ್ನೂ ಬಿಡದೆ ಹೇಳಿದಳು. ಕೊನೆಗೆ ಆ ವಕೀಲ ಎದ್ದ.

"ಇವನ್ನೆಲ್ಲ ಬರೆದವರು ನೀವೇ ಅಲ್ವಾ?"

"ಹೌದು."

"ಅಡಿಯಲ್ಲಿ ಏನಿದೆ ಅಂತ ಆಗಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಒಡಹುಟ್ಟಿದವಳನ್ನ ಸುಡ್ತಿದ್ದಾರೆ ಅಂತ ಗೊತ್ತಿದ್ದೂ ಯಾವ ಅಕ್ಕ ಹೂ ಬರೀತಾ ಕೂರ್ತಾಳಮ್ಮ? ಆಗ ನಿಮಗೆ ಏನೂ ಗೊತ್ತಿರಲಿಲ್ಲ. ಇಲ್ಲಾ, ಈಗ ಹೇಳ್ತಿರೋದು ಸುಳ್ಳು."

ತಂಗಿಯೇ ಬೇಡಿಕೊಂಡಳು ಎನ್ನಬಹುದಿತ್ತು. ಅವಳು ನನ್ನನ್ನೂ ಬಿಟ್ಟುಹೋದರೆ ಅವಳಿಗೆ ಯಾರೂ ಇರುವುದಿಲ್ಲ ಎಂದು ಹೆದರಿದೆ ಎನ್ನಬಹುದಿತ್ತು. ಹೂವಕ್ಕ ಕಟಕಟೆಯ ಮರದ ಅಂಚನ್ನು ಹಿಡಿದುಕೊಂಡು ನಿಂತೇ ಇದ್ದಳು. ಇಳಿಯಿರಿ ಎಂದು ಎರಡು ಸಲ ಹೇಳಬೇಕಾಯಿತು.

ಸಂಶಯದ ಲಾಭ ಕೊಟ್ಟು ಅವನನ್ನು ಬಿಟ್ಟರು. ಹೊರಗಿನ ವರಾಂಡದಲ್ಲಿ ಅವನು ಹತ್ತಿರ ಬಂದು, ಎಂದಿನ ದನಿಯಲ್ಲೇ, ಆರೋಗ್ಯ ನೋಡಿಕೊಳ್ಳಿ ಅತ್ತಿಗೆ, ತುಂಬ ಇಳಿದು ಹೋಗಿದ್ದೀರಿ ಎಂದು ಹೇಳಿ ಹೋದ.

ಆಸ್ಪತ್ರೆಯಿಂದ ಬಂದಾಗಿನಿಂದ ತಂಗಿ ಅಕ್ಕನ ಮನೆಯಲ್ಲೇ ಇದ್ದಳು. ಆ ದಿನ ಮನೆಯ ಬಾಗಿಲು ಹಾಕಿದ ಮೇಲೆ ಕೇಳಿದಳು.

"ಯಾಕೆ ಅಷ್ಟು ಚೆನ್ನಾಗಿ ಬರೆದೆ?"

ಹೂವಕ್ಕ ಅಡುಗೆಮನೆಗೆ ಹೋಗಿ ಒಲೆ ಹಚ್ಚಿದಳು. ತಂಗಿ ಮತ್ತೆ ಕೇಳಲಿಲ್ಲ.

ಕೆಲವು ತಿಂಗಳ ನಂತರ ತಂಗಿ ಹೂಗಳನ್ನು ಅಳಿಸಬೇಕೆಂದು ಹಟ ಹಿಡಿದಳು. ಇನ್ನು ಕೋರ್ಟಿಗೆ ಅದರಿಂದ ಉಪಯೋಗವಿಲ್ಲ, ಅಳಿಸುವ ಲೇಸರ್ ಬೆಳಕೇ ಹೊಸ ಗುರುತು ಉಳಿಸುತ್ತದೆ ಎಂದು ತಂಗಿಯ ಕಡೆಯ ವಕೀಲರು ತಿಳಿಸಿ ಹೇಳಿದರು. ಕೋರ್ಟಿಗೋಸ್ಕರ ಅಲ್ಲ ಎಂದಳು. ಲೇಸರ್ ಹೊಡೆಯುವ ಕ್ಲಿನಿಕ್ಕಿಗೆ ಹೂವಕ್ಕನೂ ಜೊತೆಗೆ ಹೋಗುತ್ತಿದ್ದಳು. ಬರೆಯುವಾಗ ಆದದ್ದಕ್ಕಿಂತ ಹೆಚ್ಚು ನೋವು. ಪ್ರತಿ ಹೊಡೆತಕ್ಕೂ ದಳ ಸುಣ್ಣದಂತೆ ಬಿಳುಪೇರಿ ಊದಿಕೊಳ್ಳುತ್ತಿತ್ತು. ಯಂತ್ರ ಹಿಡಿದ ನರ್ಸು ವಾಚಾಳಿ. ಇಷ್ಟು ಒಳ್ಳೆ ಕೆಲಸವನ್ನು ಅಳಿಸೋದಕ್ಕೆ ಮನಸ್ಸು ಬರಲ್ಲ, ಯಾರ ಕೈಯದು ಇದು ಎಂದು ಕೇಳಿದಳು. ತಂಗಿ ಗದ್ದ ಎತ್ತಿ ಅಕ್ಕನ ಕಡೆ ತೋರಿಸಿದಳು. ನರ್ಸು ಕಪ್ಪು ಕನ್ನಡಕ ಸರಿಮಾಡಿಕೊಂಡು ಮುಂದಿನ ದಳಕ್ಕೆ ಯಂತ್ರ ಹಿಡಿದಳು.

ಸೂರ್ಯಕಾಂತಿಯ ಹಳದಿ ಪೂರ್ತಿ ಹೋಗಲಿಲ್ಲ, ಲಿಲ್ಲಿಯ ಬಿಳಿ ಬಣ್ಣ ಕೊಳೆಯ ಹಾಗೆ ಕಪ್ಪಾಗಿ ಉಳಿಯಿತು. ಆದರೆ ಕಲೆಗಳು ಮೇಲೆದ್ದು ಬಂದವು. ತಂಗಿ ಈಗ ಒಂದು ಬೇಕರಿಯಲ್ಲಿ ಎಡಗೈಯಿಂದ ಪೊಟ್ಟಣ ಕಟ್ಟುತ್ತಾಳೆ, ಗಿಡ್ಡ ತೋಳಿನಲ್ಲೇ. ಕೈಗೆ ಏನಾಯಿತು ಎಂದು ಯಾರಾದರೂ ಕೇಳಿದರೆ, "ಗಂಡ ಸುಟ್ಟಿದ್ದು" ಎನ್ನುತ್ತಾಳೆ, ಬ್ರೆಡ್ ಮುಗಿದಿದೆ ಎನ್ನುವಷ್ಟು ಸಲೀಸಾಗಿ. ಕೇಳಿದವರು ಚಿಲ್ಲರೆ ತೆಗೆದುಕೊಳ್ಳದೆ ಹೋದದ್ದೂ ಉಂಟು.

ಹೂವಕ್ಕ ಅಂಗಡಿ ಬಿಡಲಿಲ್ಲ, ಬಿಟ್ಟರೆ ಮನೆ ನಡೆಯುವುದಿಲ್ಲ. ಕಲೆ ಮುಚ್ಚಲು ಹೆಂಗಸರು ಬಂದರೆ ಜೊತೆಯಲ್ಲಿ ಬಂದವರನ್ನು ಹೊರಗೆ ಕೂರಿಸಿ, ಪರದೆ ಎಳೆದು, ಇದು ಹೇಗಾಯಿತು ಎಂದು ಮೊದಲು ಕೇಳುತ್ತಾಳೆ. ಕೆಲವರು ಹೇಳುತ್ತಾರೆ. ಹೆಚ್ಚಿನವರು ಎದ್ದು ಹೋಗುತ್ತಾರೆ, ಮತ್ತೆ ಬರುವುದಿಲ್ಲ. ಗಿರಾಕಿಗಳನ್ನು ಓಡಿಸುತ್ತೀಯ ಎಂದು ಯಜಮಾನ ಗೊಣಗುತ್ತಾನೆ. ಎದ್ದು ಹೋದವರು ಎಲ್ಲಿಗೆ ಹೋಗುತ್ತಾರೆ, ಬೇರೆ ಯಾರ ಹತ್ತಿರ ಬರೆಸಿಕೊಳ್ಳುತ್ತಾರೆ ಎಂಬುದು ಅವಳಿಗೆ ತಿಳಿಯುವುದಿಲ್ಲ. ಆ ಯೋಚನೆ ಹತ್ತಿದ ದಿನ ಊಟ ಸೇರುವುದಿಲ್ಲ.

ತಂಗಿ ಅಂಗಡಿಯ ಬೀದಿಗೆ ಕಾಲಿಡುವುದಿಲ್ಲ. ಅಕ್ಕನೊಂದಿಗೆ ಮಾತು ಬಿಟ್ಟಿಲ್ಲ, ಆದರೆ ಬೇಕಾದಷ್ಟೇ ಆಡುತ್ತಾಳೆ. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಬಾಚಣಿಗೆ ಹಿಡಿದು ಬಂದು ಅಕ್ಕನ ಮುಂದೆ ಬೆನ್ನು ಹಾಕಿ ಕೂರುತ್ತಾಳೆ. ಮುರಿದಿದ್ದ ಆ ಬಲ ಮಣಿಕಟ್ಟು ಜಡೆ ಹೆಣೆಯುವಷ್ಟು ತಿರುಗುವುದಿಲ್ಲ. ಹೂವಕ್ಕ ಸಿಕ್ಕು ಬಿಡಿಸಿ, ಜಡೆ ಹೆಣೆದು, ತುದಿಗೆ ರಬ್ಬರ್ ಬ್ಯಾಂಡ್ ಸುತ್ತುತ್ತಾಳೆ. ಆಯಿತು ಎಂದು ಹೇಳುವ ಮೊದಲೇ ತಂಗಿ ಎದ್ದಿರುತ್ತಾಳೆ.