ದೊಡ್ಡ ಸಿಸ್ಟರ್ ಕೇಳುತ್ತಿದ್ದ ಪ್ರಶ್ನೆ

ಮೊನ್ನೆ ವಾರ್ಡಿನಲ್ಲಿ ಹಾಸಿಗೆ ಬದಲಿಸುವಾಗ ದಿಂಬಿನ ಕೆಳಗಿಂದ ವಿಭೂತಿ ಗಟ್ಟಿಯೊಂದು ಉರುಳಿ ಬಿತ್ತು. ಎತ್ತಿ ಮೂಗಿನ ಹತ್ತಿರ ಹಿಡಿದದ್ದೇ ತಡ, ದೊಡ್ಡ ಸಿಸ್ಟರ್ ನೆನಪಾದರು...

ಬಳ್ಳಾರಿಯ ಆಸ್ಪತ್ರೆಯೊಂದಕ್ಕೆ ಹೊಸ ನರ್ಸಾಗಿ ಸೇರಿದಾಗ ನನ್ನನ್ನು ತಿದ್ದಿದವರು ಅವರು. ಯಾವ ರೋಗಿ ಬಂದರೂ ಹೆಸರು, ಕಾಯಿಲೆ ಬರೆದುಕೊಂಡ ಮೇಲೆ, "ಮನ್ಯಾಗ ಮುಂಜಾನೆ ಎದ್ದು ಏನೇನ್ ಮಾಡ್ತೀರಿ?" ಎಂದು ಕೇಳುತ್ತಿದ್ದರು. ಸಿರುಗುಪ್ಪದ ಸಾಹೇಬರೊಬ್ಬರು ನಮಾಜು ಎಂದಾಗ ಅವರ ಮಂಚವನ್ನೇ ಪಶ್ಚಿಮಕ್ಕೆ ತಿರುಗಿಸಿಬಿಟ್ಟರು. ಇದೂ ನರ್ಸಿನ ಕೆಲಸವೇ ಎಂದು ನನಗೆ ಒಳಗೊಳಗೇ ನಗು. ಆಗಷ್ಟೇ ಕಲಿತು ಬಂದವಳು, ಸ್ವಲ್ಪ ಕೊಂಬೂ ಇತ್ತು.

ಆ ಕೊಂಬು ಮುರಿದದ್ದು ಕುರುಗೋಡಿನ ಅಜ್ಜಿಯೊಬ್ಬರಿಂದ. ಆಪರೇಷನ್ನಿಗೆ ಮುಂಚೆ, ಮಂಪರಿನಲ್ಲಿದ್ದ ಅವರ ಓಲೆ, ಬಳೆ ತೆಗೆಯುವಾಗ ಕೊರಳಲ್ಲಿದ್ದ ಇಷ್ಟಲಿಂಗದ ಬೆಳ್ಳಿ ಕರಡಿಗೆಯನ್ನೂ ಬಿಚ್ಚಿ, ಎಲ್ಲ ಒಂದೇ ಕವರಿಗೆ ತುಂಬಿ ಮಗನಿಗೆ ಕೊಟ್ಟೆ. ಅವನು ಒಡವೆ ಎಂದುಕೊಂಡು, ತೆಗೆದೂ ನೋಡದೆ ಊರಿಗೆ ಒಯ್ದು ಇಟ್ಟ.

ಮರುದಿನ ಬೆಳಿಗ್ಗೆ ಅಜ್ಜಿ ಎದೆ ತಡವಿಕೊಂಡರು. "ನನ್ನ ಲಿಂಗ ಎಲ್ಲೈತಿ? ಪೂಜಿ ಆಗೋತನ ನಾ ಹನಿ ನೀರೂ ಒಲ್ಲೆ" ಎಂದು ಬಾಯಿ ಮುಚ್ಚಿದವರು ಬಿ.ಪಿ. ಮಾತ್ರೆಯನ್ನೂ ನುಂಗಲಿಲ್ಲ. ಬಿ.ಪಿ. ಏರುತ್ತಲೇ ಹೋಯಿತು. ದೊಡ್ಡ ಸಿಸ್ಟರನ್ನು ಕರೆಯಲು ಓಡಿದೆ.

ಅವರು ಅಜ್ಜಿಯ ಮಗನಿಗೆ ಫೋನ್ ಮಾಡಿಸಿದರು. ಕೈ ತೊಳೆದು ಬಂದು ಅಜ್ಜಿಯ ಹಣೆಗೆ ವಿಭೂತಿ ಹಚ್ಚಿದರು. ಪೂಜೆಯಲ್ಲಿ ಲಿಂಗ ಹಿಡಿಯುವ ಎಡ ಅಂಗೈಯನ್ನು ಬಿಡಿಸಿ, ತಮ್ಮ ಕೈಮೇಲೆ ಇಟ್ಟುಕೊಂಡು ಕೂತರು.

"ಮಗ ಬರಾಕ ಹತ್ಯಾನ. ಅಲ್ಲೀತನ ಕಣ್ಣು ಮುಚ್ಚಿ ನೆನಸ್ರಿ ಅವ್ವಾ, ನಾ ಇಲ್ಲೇ ಅದೀನಿ."

ಅಜ್ಜಿಯ ತುಟಿ ಅಲುಗತೊಡಗಿತು. ಓಂ ನಮಃ ಶಿವಾಯ, ಓಂ ನಮಃ ಶಿವಾಯ... ಉಸಿರು ನಿಧಾನವಾಯಿತು, ಬಿ.ಪಿ. ಏರುವುದು ನಿಂತಿತು. ಮಗ ಬಸ್ಸಿಳಿದು ಓಡಿ ಬಂದ. ಪೂಜೆ ಮುಗಿಸಿ ಅಜ್ಜಿ ತಾವೇ ಮಾತ್ರೆ ಕೇಳಿ ನುಂಗಿದರು. ಬೈಗುಳ ಕಾದಿದೆ ಎಂದು ತಲೆ ತಗ್ಗಿಸಿ ನಿಂತಿದ್ದೆ. "ಇನ್ನಮ್ಯಾಲೆ ಇದನ್ನೂ ಕೇಳಿ ಚಾರ್ಟಿನಾಗ ಬರಿ" ಎಂದರು ದೊಡ್ಡ ಸಿಸ್ಟರ್, ಅಷ್ಟೇ.

ಹೋದ ವರ್ಷ ಅದೇ ವಾರ್ಡಿಗೆ ದೊಡ್ಡ ಸಿಸ್ಟರನ್ನೇ ರೋಗಿಯಾಗಿ ತಂದರು. ಒಂಟಿ ಜೀವ, ಮಾತು ನಿಂತಿತ್ತು. ಕರೆತಂದ ನೆರೆಯವರಿಗೂ ಹೆಚ್ಚೇನೂ ಗೊತ್ತಿರಲಿಲ್ಲ. ಚಾರ್ಟು ಬರೆಯುತ್ತಾ ಆ ಪ್ರಶ್ನೆಗೆ ಬಂದಾಗ ನನ್ನ ಪೆನ್ನು ನಿಂತಿತು. ಮುಂಜಾನೆ ಎದ್ದು ಅವರು ಏನು ಮಾಡುತ್ತಿದ್ದರು, ಕಷ್ಟದಲ್ಲಿ ಯಾರನ್ನು ನೆನೆಯುತ್ತಿದ್ದರು... ಅಷ್ಟು ವರ್ಷ ಜೊತೆಗಿದ್ದೂ ನಾನು ಒಮ್ಮೆಯೂ ಕೇಳಿರಲಿಲ್ಲ. ನಾಚಿಕೆಯಾಯಿತು. ಕೈ ತೊಳೆದು ಬಂದು, ಅವರ ಎಡ ಅಂಗೈ ಬಿಡಿಸಿ ನನ್ನ ಕೈಮೇಲೆ ಇಟ್ಟುಕೊಂಡೆ. ಉಸಿರು ನಿಲ್ಲುವವರೆಗೂ ಹಾಗೇ ಕೂತಿದ್ದೆ.

ಮೊನ್ನೆಯ ವಿಭೂತಿಯನ್ನು ಮತ್ತೆ ದಿಂಬಿನ ಕೆಳಗೇ ಇಟ್ಟೆ. ಅದು ಯಾರದೆಂದು, ಯಾವ ಹೊತ್ತಿಗೆ ಬೇಕೆಂದು ಚಾರ್ಟಿನಲ್ಲಿ ಬರೆದಿದೆ. ದೊಡ್ಡ ಸಿಸ್ಟರ್ ಅವರ ಚಾರ್ಟಿನಲ್ಲಿ ಮಾತ್ರ ಆ ಒಂದು ಸಾಲು ಖಾಲಿಯೇ ಉಳಿಯಿತು.