ಮುಮ್ತಾಜಳ ಬೂದಿ ಮಡಕೆ

ಬಸವಾಪಟ್ಟಣದ ನಮ್ಮ ಓಣಿಯಲ್ಲಿ ಒಡೆದ ಬಳೆಯನ್ನು ಯಾರೂ ಮನೆಯೊಳಗೆ ಇಟ್ಟುಕೊಳ್ಳುವುದಿಲ್ಲ. ಮುಮ್ತಾಜ್ ಮಾತ್ರ ಡಬ್ಬಿಗಟ್ಟಲೆ ಇಟ್ಟುಕೊಂಡಿದ್ದಾಳೆ. ಆಕೆಯ ಗಂಡ ಮೌಲಾಸಾಬ್ ಬಳೆಗಾರ, ಗೋವಿನಕೋವಿ, ನ್ಯಾಮತಿ ಕಡೆಯ ಊರೆಲ್ಲ ತಿರುಗುತ್ತಾನೆ. ತೊಡಿಸುವಾಗ ಒಡೆದ ಚೂರುಗಳನ್ನು ಆತ ತಂದುಕೊಡುತ್ತಾನೆ, ಈಕೆ ಬಣ್ಣದ ಪ್ರಕಾರ ಬೇರ್ಪಡಿಸಿ ಇಡುತ್ತಾಳೆ. ಎದುರಿಗೇ ನನ್ನ ಹಿಟ್ಟಿನ ಗಿರಣಿ. ನನ್ನ ಕಣ್ಣು ತಪ್ಪಿಸಿ ಆ ಮನೆಗೆ ಬೆಕ್ಕೂ ನುಗ್ಗುವಂತಿಲ್ಲ. ಮಾಟಗೀಟ ಮಾಡುತ್ತಾಳೇನೋ ಎಂದು ನನಗೂ ಅನುಮಾನ ಬಂದಿತ್ತು, ಬರದೆ ಇರುತ್ತದೆಯೇ?

ಹಿತ್ತಲಲ್ಲಿ ಇದ್ದಿಲ ಒಲೆ. ಕಬ್ಬಿಣದ ಕಡ್ಡಿಗೆ ಜೇಡಿಮಣ್ಣು ಬಳಿದು, ಕರಗಿದ ಗಾಜನ್ನು ಅದಕ್ಕೆ ಸುತ್ತಿ, ಮೇಲೆ ಬಿಳಿ ಚುಕ್ಕೆ, ಅದರೊಳಗೆ ಕಪ್ಪು ಚುಕ್ಕೆ ಇಟ್ಟು ಕಣ್ಣು ಮೂಡಿಸುತ್ತಾಳೆ, ಕೂಸುಗಳಿಗೆ ಕಟ್ಟುವ ದೃಷ್ಟಿಮಣಿ. ಆಮೇಲೆ ಮಣಿಯನ್ನು ಕಡ್ಡಿಯಿಂದ ಜಾರಿಸಿ ಬಿಸಿ ಬೂದಿಯ ಮಡಕೆಯಲ್ಲಿ ಹೂತು ಮುಚ್ಚಳ ಹಾಕುತ್ತಾಳೆ. ದಾವಣಗೆರೆಯ ತರಬೇತಿಯಲ್ಲಿ ಕಲಿತದ್ದಂತೆ.

"ಹಳೇ ಕಾಲದ ಈಜಿಪ್ಟಿನೋರು ಹಿಂಗೇ ಮಾಡ್ತಿದ್ರಂತೆ ಕಸ್ತೂರಕ್ಕ" ಎಂದು ಒಂದು ದಿನ ನನಗೆ ಹೇಳಿದಳು.

ಪಕ್ಕದಲ್ಲೇ ನಿಂತಿದ್ದ, ಮುಮ್ತಾಜಳ ಬಾಡಿಗೆ ಮನೆಯ ಒಡತಿ ಉಚ್ಚಂಗಮ್ಮ ಬೆಚ್ಚಿಬಿದ್ದಳು. "ಈಜಿಪ್ಟು ಅಂದ್ರೆ ಹೆಣಕ್ಕೆ ಬಟ್ಟೆ ಸುತ್ತಿ ಇಡೋರಲ್ವೇನೆ? ಟೀವೀಲಿ ತೋರ್ಸಿದ್ರು!"

ಅಷ್ಟರಲ್ಲಿ ಉಚ್ಚಂಗಮ್ಮನ ಬಸುರಿ ಸೊಸೆ ಶಾಂತಲಾಗೆ ಬಳೆ ತೊಡಿಸುವ ಶಾಸ್ತ್ರ ಆಯಿತು. ತೊಡಿಸಿದವನು ಮೌಲಾಸಾಬನೇ. ಒಂದೆರಡು ಹಸಿರು ಬಳೆ ಒಡೆದವು, ಚೂರು ಅವನ ಚೀಲ ಸೇರಿತು. ಎರಡು ದಿನಕ್ಕೇ ಶಾಂತಲಾಗೆ ಸೊಂಟನೋವು. ಬಸುರಿಗೆ ಸೊಂಟ ನೋಯದೆ ಇನ್ನೇನು ನೋಯಬೇಕು? ಉಚ್ಚಂಗಮ್ಮನಿಗೆ ಅದು ಹೊಳೆಯಬೇಕಲ್ಲ! ಸೊಸೆಯನ್ನೂ ನನ್ನನ್ನೂ ಎಳೆದುಕೊಂಡು ಸೀದಾ ಹಿತ್ತಲಿಗೆ ನುಗ್ಗಿದಳು.

"ನಮ್ಮ ಸೊಸೆ ಬಳೆಚೂರು ಎಲ್ಲೈತೆ?"

"ಮಡಕೇಲೈತೆ ಅಮ್ಮಾರೆ. ಮಣಿ ಮಾಡೀನಿ."

"ಹೂತಿದೀಯಾ! ತೆಗಿ ಮೊದ್ಲು."

"ಆರೋ ತನಕ ತೆಗ್ಯಂಗಿಲ್ರಿ, ಒಡೀತಾವೆ."

"ತೆಗೀದಿದ್ರೆ ಇವತ್ತೇ ಮನೆ ಖಾಲಿ ಮಾಡು."

ಒಲೆ, ಬೆಂಕಿ ಎಂದ ಕೂಡಲೇ ಮುಮ್ತಾಜಳಿಗೆ ಊರಲ್ಲಿ ಯಾರೂ ಬಾಡಿಗೆಗೆ ಮನೆ ಕೊಟ್ಟಿರಲಿಲ್ಲ. ಇದು ತಪ್ಪಿದರೆ ಒಲೆ ಹೂಡಲು ಬೇರೆ ಜಾಗವೇ ಇಲ್ಲ. ಆಕೆ ಬಾಯಿ ತೆರೆಯುವಷ್ಟರಲ್ಲಿ ಉಚ್ಚಂಗಮ್ಮ ಮುಚ್ಚಳ ತೆಗೆದು, ಇಕ್ಕಳದಿಂದ ಒಂದು ಮಣಿ ಎತ್ತಿ ಉಫ್ ಎಂದು ಊದಿದಳು. ಚಿಟ್ ಎಂದು ಮಣಿ ಎರಡು ಹೋಳಾಯಿತು.

"ಅಯ್ಯಯ್ಯೋ, ನನ್ನ ಸೊಸೆ!"

ಮುಮ್ತಾಜ್ ದನಿ ಎತ್ತಿದ್ದನ್ನು ನಾನು ಕೇಳಿದ್ದು ಅವತ್ತೇ. "ಬಿಸೀದನ್ನ ತೆಗ್ದು ಊದಿದ್ರೆ ಒಡೀದೆ ಇನ್ನೇನಾಗ್ತೈತ್ರಿ? ಇಲ್ಲೇ ಕೂತ್ಕೊಳ್ರಿ. ಆರಿದ ಮ್ಯಾಲೂ ಒಡದ್ರೆ ನಾನೇ ಪಾತ್ರೆ ಕಟ್ಕೊಂಡು ಹೋಗ್ತೀನಿ." ಹೇಳಿದವಳೇ ಮುಚ್ಚಳ ಹಾಕಿದಳು.

ಕೂತೆವು. ಶಾಂತಲಾ ಶೇಂಗಾ ತಿನ್ನುತ್ತಾ ಗೋಡೆಗೊರಗಿದಳು. ಉಚ್ಚಂಗಮ್ಮ ಮಡಕೆಯಿಂದ ಕಣ್ಣು ಕೀಳಲಿಲ್ಲ. ಮುಮ್ತಾಜ್ ಚಹಾ ತಂದರೆ ಮೂಸಿ ನೋಡಿ ಪಕ್ಕಕ್ಕಿಟ್ಟಳು. ಅದನ್ನೂ ನಾನೇ ಕುಡಿದೆ.

ಸಂಜೆಗೆ ಬೂದಿ ಆರಿತು. ಉಳಿದ ಮಣಿಗಳಲ್ಲಿ ಒಂದೂ ಒಡೆದಿರಲಿಲ್ಲ, ಹಸಿರು ಮೈ ಮೇಲೆ ಕಣ್ಣು ಪಿಳಿಪಿಳಿ. ಉಚ್ಚಂಗಮ್ಮ ಒಂದನ್ನು ಬೆಳಕಿಗೆ ಹಿಡಿದು ತೂತಿನೊಳಗೆ ಇಣುಕಿದಳು. ಅಲ್ಲಿ ಕಡ್ಡಿಯ ಜೇಡಿಮಣ್ಣು ಬೆಳ್ಳಗೆ ಅಂಟಿಕೊಂಡಿತ್ತು.

"ನೋಡ್ರೇ, ಒಳಗೆ ಮಂತ್ರದ ಬೂದಿ ತುಂಬ್ಯಾಳೆ!"

ಮುಮ್ತಾಜ್ ಆ ಮಣಿಯನ್ನು ಕಿತ್ತುಕೊಂಡು, ತಂತಿಯಿಂದ ತೂತು ಕೆರೆದು ತೊಳೆದು, ಕಪ್ಪು ದಾರಕ್ಕೆ ಪೋಣಿಸಿ ತನ್ನ ಕೂಸು ಶಬ್ನಮ್‌ಳ ಕೊರಳಿಗೆ ಕಟ್ಟಿದಳು.

"ಇದಕ್ಕಿಂತ ಹೆಚ್ಚಿನ ಸಾಕ್ಷಿ ಎಲ್ಲಿಂದ ತರ್ಲಿ ಅಮ್ಮಾರೆ?"

ನನಗಂತೂ ಕಣ್ಣು ತುಂಬಿತು. ಉಚ್ಚಂಗಮ್ಮ ಕೂಸಿನ ಕೊರಳನ್ನೇ ದುರುಗುಟ್ಟಿ ನೋಡಿದಳು.

"ಅಲ್ಲಾ ಕಣೇ, ಅದು ನಮ್ಮ ಸೊಸೆ ಬಳೆ! ನಮ್ಮನೆ ಕೂಸಿಗೆ ಬರೋ ಒಳ್ಳೇದನ್ನೆಲ್ಲ ನಿನ್ನ ಮಗಳಿಗೆ ಕಟ್ಟಿ ಲಪಟಾಯಿಸ್ತೀಯಾ? ಬಿಚ್ಚು, ಬಿಚ್ಚು! ಉಳಿದ ಚೂರೆಲ್ಲ ನನ್ನ ಕಣ್ಣೆದುರಿಗೇ ಮಣಿ ಆಗ್ಬೇಕು. ಅಲ್ಲೀತನಕ ಈ ಮನೆ ಬಿಟ್ಟು ಎಲ್ಲಿಗಾದ್ರೂ ಹೋದೀಯಾ, ಹುಷಾರ್!"