ಕುಂಬಳಕಾಯಿಗೆ ಹೆದರಿದ ಗಂಡಸರು

ಕಳೆದ ವಾರ ಒಂದು ಕುಂಬಳಕಾಯಿ ನಮ್ಮ ಮನೆಯಿಂದ ಗಂಡಸರನ್ನೆಲ್ಲ ಓಡಿಸಿತು. ಅದು ಹಾಯಲಿಲ್ಲ, ಕಚ್ಚಲಿಲ್ಲ. ಪಡಸಾಲೆಯ ನಡುವೆ ಸುಮ್ಮನೆ ಕೂತಿತ್ತು, ಅಷ್ಟೇ.

ಮೊದಲಿನಿಂದ ಹೇಳುತ್ತೇನೆ.

ಹಿನ್ನೀರು ನಮ್ಮ ಹಳೆಯ ಊರನ್ನು ನುಂಗಿದ ಮೇಲೆ ಸರ್ಕಾರ ಬೀಳಗಿ ಹತ್ತಿರದ ಪುನರ್ವಸತಿ ಕೇಂದ್ರದಲ್ಲಿ ನಮಗೊಂದು ಜಾಗ ಕೊಟ್ಟಿತು. ಜಾಗವೆಂದರೆ ಬರೀ ಗರಸು. ಹಾರೆ ಹಾಕಿದರೆ ಕಿಡಿ ಹಾರುವ ನೆಲ. ಮೂಲೆಯಲ್ಲೊಂದು ಪಾಯಖಾನೆಯನ್ನೂ ಕಟ್ಟಿಕೊಟ್ಟರು. ಅದರಲ್ಲಿ ನಾವು ಕುಳ್ಳು, ಕಟ್ಟಿಗೆ ಒಟ್ಟಿದೆವು. (ನಗಬೇಡಿ. ನಿಮ್ಮ ಓಣಿಯ ಪಾಯಖಾನೆಗಳ ಬಾಗಿಲನ್ನೂ ಒಮ್ಮೆ ತೆಗೆದು ನೋಡಿ.) ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗಲೆಲ್ಲ ಹೊಳೆದಂಡೆಯ ಕರಿಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ತಂದು ಸುರಿದೆ. ಬಚ್ಚಲ ನೀರನ್ನು ಅತ್ತ ತಿರುಗಿಸಿದೆ. ಗರಸು ಹಿತ್ತಲಾಯಿತು.

ಹೋಳಿ ಹುಣ್ಣಿಮೆ ಮುಗಿದು ಬೇವು ಚಿಗುರುವ ಹೊತ್ತಿಗೆ ಹಿತ್ತಲ ಕಸ ತೆಗೆಯುವುದು ನನ್ನ ವಾಡಿಕೆ. ವಸಂತ ಬಂದರೆ ಕವಿಗಳಿಗೆ ಕೋಗಿಲೆ ಸಿಗುತ್ತದಂತೆ. ನನಗೆ ಸಿಕ್ಕಿದ್ದು ಹೋದ ವರ್ಷ ಕಳೆದ ತಂಬಿಗೆ, ಬಿಟ್ಟೆನೆಂದು ಆಣೆ ಹಾಕಿದ ಮಗನ ಗುಟಕಾ ಚೀಟಿಗಳು, ಪಕ್ಕದ ಮನೆ ಮಾಸ್ತರರ ಕೋಳಿ ಇಟ್ಟ ತತ್ತಿ. (ಮಾಸ್ತರರಿಗೆ ಹೇಳಿಲ್ಲ. ಓದಿದರೆ ಓದಲಿ.) ಕಡೆಗೆ ಪಾಯಖಾನೆಯ ಮೇಲೆ ಒಣಗಿದ ಎಲೆ ಸರಿಸಿದರೆ ಬುಟ್ಟಿಯಷ್ಟು ದೊಡ್ಡ ಕುಂಬಳಕಾಯಿ! ನಾನು ಬೀಜ ಊರಿದವಳಲ್ಲ. ಮುಸುರೆಯ ಜೊತೆ ಬಿದ್ದ ಬೀಜ, ಬಚ್ಚಲ ನೀರು ಕುಡಿದು ಬೆಳೆದ ಬಳ್ಳಿ. ಅಂತೂ ಸರ್ಕಾರದ ಆ ಕಟ್ಟಡ ಒಂದು ಕೆಲಸಕ್ಕೆ ಬಂತು.

ಮೊಮ್ಮಗಳು ಸವಿತಾ ಚೊಚ್ಚಲ ಹೆರಿಗೆಗೆ ನಮ್ಮಲ್ಲಿಗೆ ಬಂದಿದ್ದಾಳೆ. ಹುಡುಗಿಗೆ ಗಂಜಿಯೂ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ಕೈ ನೋಡಿದರೆ ಕಬ್ಬಿನ ಸಿಪ್ಪೆ. 'ಹೀಗೆ ಉಪವಾಸ ಬಿದ್ದರೆ ಕೂಸಿನ ಗತಿ ಏನು?' ಎಂದು ಬೀಳಗಿಯ ಲೇಡಿ ಡಾಕ್ಟರು ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈದಿದ್ದರು. ಅಂಥವಳು ಕುಂಬಳಕಾಯಿ ಕಂಡದ್ದೇ ಎದ್ದು ಕೂತಳು.

"ಆಯಿ, ಇದರ ಗಾರಿಗಿ ಮಾಡಿಕೊಡ. ತಿನಬೇಕ ಅನಸಾಕತ್ತೈತಿ."

ಆ ಮಾತು ಕೇಳಿ ಸೊಸೆ ಶಾಂತವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಸಿಹಿ ಗಾರಿಗೆ ಕರಿಯಲು ಬಾಣಲೆ ಹುಡುಕಿದೆ. ಆದರೆ ಕಾಯಿ ಕೊಯ್ಯುವವರು ಯಾರು?

ನಮ್ಮಲ್ಲಿ ಇಡೀ ಕುಂಬಳಕಾಯಿಗೆ ಹೆಂಗಸರು ಈಳಿಗೆ ಹಚ್ಚುವಂತಿಲ್ಲ. ಮೊದಲ ಪೆಟ್ಟು ಗಂಡಸಿನದೇ ಆಗಬೇಕು. ಆಮೇಲೆ ಸಿಪ್ಪೆ ಹೆರೆಯುವುದು, ತುರಿಯುವುದು, ಕರಿಯುವುದು, ಪಾತ್ರೆ ತಿಕ್ಕುವುದು, ಇವಕ್ಕೆಲ್ಲ ಹೆಂಗಸರಿಗೆ ಫುಲ್ ಪರ್ಮಿಶನ್.

ಸವಿತಾಳನ್ನು ನೋಡಲು ಮುಧೋಳದಿಂದ ಬಂದಿದ್ದ ಅವಳ ಗಂಡ ಮಲ್ಲಪ್ಪನನ್ನು ಕರೆದೆ.

"ಬಾರಪಾ ಅಳಿಯ, ಒಂದ ಪೆಟ್ಟ ಹಾಕು."

"ಬ್ಯಾಡ್ರಿ ಆಯಿ! ಹೆಂಡತಿ ಬಸುರಿ ಇದ್ದಾಗ ಗಂಡ ಕುಂಬಳಕಾಯಿ ಕೊಯ್ಯಬಾರದಂತ. ನಮ್ಮವ್ವ ಹೇಳೇ ಕಳಿಸ್ಯಾಳ್ರಿ."

ಗಾಡಿಗೆ ಪೆಟ್ರೋಲ್ ಹಾಕಿಸುತ್ತೇನೆಂದು ಹೊರಟವನು ಸಂಜೆಗೆ ಬಂದ. ಮುಧೋಳದ ನಾಯಿ ಕೂಡ ಅಷ್ಟು ಜೋರಾಗಿ ಓಡಲಿಕ್ಕಿಲ್ಲ.

ಮಗ ಯಲ್ಲಪ್ಪ ಹಗಲೆಲ್ಲ ಕಬ್ಬು ಕಡಿಯುವವನು. ಅವನ ಮುಂದೆ ಈಳಿಗೆ ಇಟ್ಟೆ.

"ಗಂಡಗ ಬ್ಯಾಡಂದ್ರ ಅಪ್ಪಗೂ ಬ್ಯಾಡ ಅಲ್ಲನ ಬೇ? ನಂದೂ ಅದ ರಕ್ತ."

"ಯಾವ ಶಾಸ್ತ್ರದಾಗ ಐತೋ?"

"ಎಲ್ಲೆರೆ ಇದ್ದ ಇರತೈತಿ ಬಿಡ."

ಇನ್ನು ಉಳಿದವರು ಮಾಸ್ತರರು. ಸಾಲೆಯಲ್ಲಿ ಮೂಢನಂಬಿಕೆಯ ಮೇಲೆ ಭಾಷಣ ಮಾಡುವವರು. ಗೋಡೆಯಾಚೆಯಿಂದಲೇ ಕೂಗಿ ಕರೆದೆ.

"ಇದರಾಗೆಲ್ಲ ನಂಗ ನಂಬಿಕಿ ಇಲ್ರಿ ಅಮ್ಮಾರ. ಪೂರಾ ಅಂಧಶ್ರದ್ಧಾ!"

"ಹಂಗಾರ ಬರ್ರಿ. ಈಳಿಗಿ ಹಿಡೀರಿ."

"ಅಲ್ರೀ… ಇವತ್ತ ಅಮಾಸಿ ನೋಡ್ರಿ. ಯಾಕ ಸುಮ್ನ?"

ಸಂತೆಯಲ್ಲಿ ಕೊಯ್ದ ಹೋಳು ಸಿಗುವುದಿಲ್ಲವೇ ಎಂದು ನೀವು ಕೇಳಬಹುದು. ತಂದೆವು. ಹುಡುಗಿ ಮೂಸಿ ನೋಡಿ ಆಚೆ ಸರಿಸಿದಳು. ಅವಳ ಕಣ್ಣೆಲ್ಲ ಪಡಸಾಲೆಯ ಕಾಯಿಯ ಮೇಲೆ. ಬಸುರಿಯ ನಾಲಿಗೆಗೆ ಬುದ್ಧಿ ಹೇಳಿ ಗೆದ್ದವರಿದ್ದಾರೆಯೇ?

ಅಷ್ಟರಲ್ಲಿ ಶಾಂತವ್ವನ ಹೊಸ ರಾಗ. "ಅತ್ತಿ, ಬಯಕಿ ತೀರಲಿಲ್ಲಂದ್ರ ಕೂಸಿನ ಕಿವಿ ಸೋರತಾವಂತ."

ನೋಡಿ ಪಂಚಾಯಿತಿ! ಕೊಯ್ದರೂ ಕೂಸಿಗೆ ಕೇಡು, ಕೊಯ್ಯದಿದ್ದರೂ ಕೂಸಿಗೆ ಕೇಡು. ಪಾಪ, ಅದು ಇನ್ನೂ ಹೊರಗೇ ಬಂದಿಲ್ಲ. ಒಳಗೆ ಅದರ ತಾಯಿ ಮಾತ್ರ ಕುಡಿದ ಗಂಜಿಯನ್ನು ಮತ್ತೆ ಬಚ್ಚಲಿಗೆ ಕಕ್ಕುತ್ತಿದ್ದಳು. ಆ ಸದ್ದು ಮೂವರೂ ಗಂಡಸರಿಗೆ ಕೇಳಿಸುತ್ತಿತ್ತು. ಮೂವರೂ ನಮ್ಮ ಕಟ್ಟೆಯ ಮೇಲೆ ಕೂತು ಶಾಸ್ತ್ರ ಮಾತಾಡುತ್ತಿದ್ದರು.

ನನಗೆ ರೇಗಿತು. ಕಾಯಿಯನ್ನು ಎದೆಗವಚಿಕೊಂಡು ಹಿತ್ತಲಿಗೆ ನಡೆದೆ. ಒಗೆಯುವ ಕಲ್ಲಿನ ಮುಂದೆ ನಿಂತು ತಲೆಯ ಮಟ್ಟಕ್ಕೆ ಎತ್ತಿದೆ. ಕೈ ಬಿಟ್ಟೆ.

ಸದ್ದಿಗೆ ಮೂವರೂ ಓಡಿ ಬಂದರು, ಮುಂದೆ ಯಲ್ಲಪ್ಪ. "ಏನ ಮಾಡಿದಿ ಬೇ ಯವ್ವಾ! ಹೆಂಗಸರು ಕೊಯ್ಯಬಾರದು!"

"ಕೊಯ್ದಿಲ್ಲೋ ಮೂಳ. ಬಿದ್ದೈತಿ."

ಮಗ ಅಳಿಯನ ಮುಖ ನೋಡಿದ, ಅಳಿಯ ಮಾಸ್ತರರ ಮುಖ ನೋಡಿದ. ಬಿದ್ದ ಕುಂಬಳಕಾಯಿಗೆ ಶಾಸ್ತ್ರವಿದೆಯೇ? ಇಲ್ಲ. ಮೂವರ ಮುಖದಲ್ಲೂ ಎಂಥ ಕಳೆ ಬಂತೆನ್ನುತ್ತೀರಿ!

ಮುಧೋಳ ಕಡೆಯ ಗಾಣದ ಬೆಲ್ಲ ಹಾಕಿ ಗಾರಿಗೆ ಕರಿದೆವು. ಸವಿತಾ ತಿಂದಳು, ಮತ್ತೆ ಕೇಳಿ ತಿಂದಳು. ತಿಂದದ್ದು ಹೊಟ್ಟೆಯಲ್ಲೇ ನಿಂತಿತು. ವಾಸನೆ ಹಿಡಿದು ಗಂಡಸರೂ ಬಂದು ಸಾಲಾಗಿ ಕೂತರು. ಮಾಸ್ತರರಿಗೆ ಅಮಾಸಿ ಅಡ್ಡ ಬರಲಿಲ್ಲ.

ಮೊನ್ನೆ ಮತ್ತೆ ಬೀಳಗಿಗೆ ತೋರಿಸಲು ಹೋಗಿದ್ದೆವು. ಹುಡುಗಿ ಚೇತರಿಸಿಕೊಂಡಿದ್ದಾಳೆ ಎಂದರು ಡಾಕ್ಟರಮ್ಮ. ಆದರೆ ಕೂಸು ಅಡ್ಡ ಮಲಗಿದೆಯಂತೆ, ತಿರುಗದಿದ್ದರೆ ಹೊಟ್ಟೆ ಕೊಯ್ದೇ ತೆಗೆಯಬೇಕಾಗಬಹುದಂತೆ. ಮಲ್ಲಪ್ಪ ಎರಡೂ ಕೈ ಮುಗಿದ.

"ಮೇಡಂ, ಎಲ್ಲಾ ನಿಮ್ಮ ಕೈಯಾಗ ಐತ್ರಿ. ಕೊಯ್ಯಬೇಕಂದ್ರ ಕೊಯ್ರಿ. ಹೆಂಡತಿ, ಕೂಸು ಉಳದ್ರ ಸಾಕು."

ನಾನು ಅವನ ಕಿವಿಯ ಹತ್ತಿರ ಬಾಗಿ ಕೇಳಿದೆ.

"ಮೊದಲನೇ ಪೆಟ್ಟ ಹಾಕಾಕ ಯಾರರ ಗಂಡಸರನ್ನ ಕರಸೂನೇನಪಾ?"